ಬಿಪಿ ಮಷೀನ್ ರಿವ್ಯೂ: ಟಾರ್ಗೆಟ್ ಇರೋ ಕೆಲಸದವರು ತಗೋಬಹುದಾ?

ಮೊದ್ಲೇ ಹೇಳಿಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್, ತಗೊಳ್ಳಿ. ತೋಳಿಗೆ ಪಟ್ಟಿ ಸುತ್ತಿ ಬಟನ್ ಒತ್ತಿದ್ರೆ ತಾನೇ ಗಾಳಿ ತುಂಬ್ಕೊಂಡು, ತಾನೇ ಬಿಟ್ಟು, ನಂಬರ್ ತೋರಿಸೋ ಮಾಮೂಲಿ ಡಿಜಿಟಲ್ ಬಿಪಿ ಮಷೀನ್ ಇದು, ಎರಡು ಸಾವಿರದ ಆಸುಪಾಸಿಂದು. ಕಂಪನಿ ಹೆಸರು ಬೇಕಂತಲೇ ಹಾಕ್ತಿಲ್ಲ, ಹಾಕಿದ್ರೆ ಕೆಳಗೆ ಬರೋ ಮೊದಲನೇ ಪ್ರಶ್ನೆನೇ ‘ಮೇಡಂ ಎಷ್ಟು ಕೊಟ್ರು’ ಅಂತ ಇರುತ್ತೆ. ನಾನು ದಾವಣಗೆರೆಯಲ್ಲಿ ಒಂದು ಬ್ಯಾಂಕಲ್ಲಿ ಆಫೀಸರ್, ನಲವತ್ತು ದಾಟಿದೆ, ಆದ್ದರಿಂದ ಮಷೀನ್ ವಿಷಯದ ಜೊತೆ ಬ್ರಾಂಚ್ ವಿಷಯನೂ ಬರುತ್ತೆ, ಎರಡನ್ನ ಬೇರೆ ಬೇರೆ ಮಾಡಿ ಬರೆಯೋಕೆ ನನ್ನ ಕೈಲಿ ಆಗಲ್ಲ, ಬೇಜಾರಾದ್ರೆ ಮುಂದಕ್ಕೆ ಹೋಗಿ.

ತಗೊಂಡಿದ್ದು ಯಾಕಪ್ಪ ಅಂದ್ರೆ ಹೆದರಿಕೆ, ಬೇರೇನಿಲ್ಲ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದಾಗ (46 ವರ್ಷ ಅಷ್ಟೇ ಅವ್ರಿಗೆ) ನಾವೆಲ್ಲ ಒಂದೊಂದ್ಸಲ ಇಸಿಜಿ ಮಾಡಿಸ್ಕೊಂಡು ಬಂದು ಸುಮ್ನಾಗಿದ್ವಿ. ಆಮೇಲೆ 2025ರ ಜೂನ್-ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಟಿವಿಲಿ ದಿನಾ ಬರೋಕೆ ಶುರುವಾಯ್ತಲ್ಲ, ಮೈಸೂರು ಜಯದೇವ ಹೃದಯದ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ್ಲೇ ಕ್ಯೂ, ಆವಾಗ ನಮ್ಮತ್ತೆ ‘ನೀನೂ ಒಂದ್ಸಲ ತೋರಿಸ್ಕೊಂಡು ಬಾರಮ್ಮ, ಮುಖ ನೋಡಿದ್ರೆ ಭಯ ಆಗ್ತದೆ’ ಅಂತ ದಿನಾ ಶುರು ಮಾಡಿದ್ರು. ಹಾಸನದ್ದು ಆಮೇಲೆ ಜಯದೇವ ಡೈರೆಕ್ಟರ್ ನೇತೃತ್ವದ ಸಮಿತಿ ನೋಡಿ, ಗಾಬರಿ ಬೀಳೋ ಅಂಥ ಏರಿಕೆ ಏನಿಲ್ಲ ಅಂತ ರಿಪೋರ್ಟ್ ಕೊಡ್ತು, ಆದ್ರೆ ಆ ಹೊತ್ತಿಗೆ ಮಷೀನ್ ಮನೆಗೆ ಬಂದಾಗಿತ್ತು.

ಬಾಕ್ಸಲ್ಲಿ ಏನೇನು ಬರುತ್ತೆ: ಮಷೀನ್, ಪಟ್ಟಿ, ನಾಲ್ಕು ಪೆನ್ಸಿಲ್ ಸೆಲ್, ಒಂದು ಚೀಲ, ಇರುವೆ ಸೈಜಿನ ಅಕ್ಷರದ ಮ್ಯಾನುಯಲ್. ಅಡಾಪ್ಟರ್ ಬೇರೆ ತಗೋಬೇಕು. ಇದರಲ್ಲಿ ಜೀವಾಳ ಅಂದ್ರೆ ಪಟ್ಟಿ, ಅದನ್ನ ಯಾರೂ ನೋಡಲ್ಲ, ಎಲ್ರೂ ಡಿಸ್‌ಪ್ಲೇ ಎಷ್ಟು ದೊಡ್ಡದು, ಬ್ಲೂಟೂತ್ ಇದೆಯಾ ಅಂತಲೇ ಕೇಳ್ತಾರೆ. ತೋಳು ದಪ್ಪ ಇದ್ದು ಪಟ್ಟಿ ಚಿಕ್ಕದಾದ್ರೆ ನಂಬರ್ ಇರೋದಕ್ಕಿಂತ ಜಾಸ್ತಿನೇ ಬರುತ್ತೆ, ಪಟ್ಟಿ ತೀರಾ ದೊಡ್ಡದಾದ್ರೆ ಕಮ್ಮಿ ಬರುತ್ತೆ. ಮಾಮೂಲಿ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಗೆ, 42ರವರೆಗೂ ಆಗೋವೂ ಸಿಗ್ತವೆ. ನಮ್ಮನೆಯವರ ತೋಳು 34, ಅವರು ಅಂಗಡೀಲಿ ‘ಏ ಎಲ್ಲಾ ಒಂದೇ ಕಣೇ’ ಅಂತಿದ್ರು, ನಾನು ದೊಡ್ಡ ಪಟ್ಟೀದೇ ಬೇಕು ಅಂತ ಹಠ ಮಾಡಿ ತಗೊಂಡೆ. ಮಣಿಕಟ್ಟಿಗೆ ಕಟ್ಟೋದು ನೋಡೋಕೆ ಚೆಂದ, ಬ್ಯಾಗಲ್ಲೂ ಹಿಡಿಯುತ್ತೆ, ಆದ್ರೆ ಕೈ ಎದೆ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಹೋದ್ರೂ ಲೆಕ್ಕ ತಪ್ಪುತ್ತೆ, ಅದಕ್ಕೆ ಡಾಕ್ಟ್ರುಗಳು ತೋಳಿನದೇ ತಗೊಳ್ಳಿ ಅಂತಾರೆ. ಇನ್ನು ಎಲ್ಲಾ ಮಷೀನೂ ಟೆಸ್ಟ್ ಆಗಿರಲ್ಲ. ಯಾವ ಮಾಡೆಲ್ ಸರಿಯಾಗಿ ಪರೀಕ್ಷೆ ಮಾಡಿ ಪಾಸಾಗಿದೆ ಅನ್ನೋ ಲಿಸ್ಟ್ ‘ಸ್ಟ್ರೈಡ್ ಬಿಪಿ’ ಅನ್ನೋ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗುತ್ತೆ, ಮಾಡೆಲ್ ನಂಬರ್ ಹಾಕಿ ನೋಡಿ. ಒಂದೇ ಕಂಪನೀದು ಒಂದು ಮಾಡೆಲ್ ಇರುತ್ತೆ ಇನ್ನೊಂದು ಇರಲ್ಲ, ಸೇಲ್ ನಡೀವಾಗ ಅರ್ಧ ರೇಟಿಗೆ ಬರೋದು ಬಹಳ ಸಲ ಆ ಇನ್ನೊಂದೇ.

ಈಗ ನೋಡೋ ವಿಧಾನ. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ ಯಾಕಂದ್ರೆ ‘ಮಷೀನ್ ಸರಿ ಇಲ್ಲ, ಒಂದೊಂದ್ಸಲ ಒಂದೊಂದು ತೋರಿಸ್ತದೆ’ ಅಂತ ಒಂದು ಸ್ಟಾರ್ ಕೊಟ್ಟಿರೋ ರಿವ್ಯೂಗಳಲ್ಲಿ ಅರ್ಧ ಇದೇ ಸಮಸ್ಯೆ. ಬಿಪಿ ಅನ್ನೋದು ನಿಮಿಷ ನಿಮಿಷಕ್ಕೂ ಬದಲಾಗುತ್ತೆ, ಅದು ಮಷೀನ್ ತಪ್ಪಲ್ಲ. ನೋಡೋ ಮುಂಚೆ ಅರ್ಧ ಗಂಟೆ ಕಾಫಿ ಟೀ ಬೀಡಿ ಸಿಗರೇಟು ವಾಕಿಂಗು ಯಾವುದೂ ಇರಬಾರದು. ಮೂತ್ರಕ್ಕೆ ಹೋಗಿ ಬಂದಿರಬೇಕು (ಇದನ್ನ ಯಾರೂ ಹೇಳಲ್ಲ, ತಡ್ಕೊಂಡು ಕೂತ್ರೆ ನಂಬರ್ ಏರುತ್ತೆ). ಬೆನ್ನಿಗೆ ಆಸರೆ ಇರೋ ಕುರ್ಚೀಲಿ ಐದು ನಿಮಿಷ ಸುಮ್ನೆ ಕೂರಬೇಕು, ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕಂಗಿಲ್ಲ, ಕೈ ಎದೆ ಮಟ್ಟಕ್ಕೆ ಟೇಬಲ್ ಮೇಲೆ, ಪಟ್ಟಿ ಬರೀ ತೋಳಿಗೆ, ಸ್ವೆಟರ್ ಮೇಲೆ ಅಲ್ಲ. ಮಾತಾಡಂಗಿಲ್ಲ. ನಮ್ಮ ಮಾವನೋರಿಗೆ ಈ ಕೊನೇದು ಸಾಧ್ಯನೇ ಇಲ್ಲ, ಪಟ್ಟಿ ಗಾಳಿ ತುಂಬ್ಕೋತಾ ಇರುವಾಗ್ಲೇ ‘ಈ ಸಲ ಭದ್ರಾ ನಾಲೆಗೆ ನೀರು ಯಾವಾಗ ಬಿಡ್ತಾರಂತೆ’ ಅಂತ ಶುರು ಮಾಡ್ತಾರೆ, ನಂಬರ್ ಹತ್ತು ಪಾಯಿಂಟ್ ಮೇಲೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ ಎರಡರ ಸರಾಸರಿ ಹಿಡೀಬೇಕು. ಬೆಳಿಗ್ಗೆ ತಿಂಡಿ ಮಾತ್ರೆಗೆ ಮುಂಚೆ, ರಾತ್ರಿ ಮಲಗೋ ಮುಂಚೆ, ಹೀಗೆ ಒಂದು ವಾರ ಬರೆದು, ಮೊದಲನೇ ದಿನದ್ದು ಬಿಟ್ಟು ಉಳಿದಿದ್ದರ ಸರಾಸರಿ ತೆಗೆದ್ರೆ ಡಾಕ್ಟ್ರು ನಂಬೋ ಅಂಥ ಲೆಕ್ಕ ಸಿಗುತ್ತೆ. ಡಾಕ್ಟ್ರ ಹತ್ರ 140/90 ದಾಟಿದ್ರೆ ಬಿಪಿ ಅಂತಾರಲ್ಲ, ಮನೇಲಿ ನೋಡಿದ್ರೆ ಗೆರೆ 135/85, ಇದನ್ನ ನೆನಪಿಟ್ಕೊಳ್ಳಿ, ಎಷ್ಟೋ ಜನ ಮನೇಲಿ 138 ಬಂದ್ರೆ ನಾರ್ಮಲ್ ಅಂದ್ಕೊಂಡು ಆರಾಮಾಗಿರ್ತಾರೆ.

ನನ್ನ ಮನೆ ನಂಬರ್ ಬೆಳಿಗ್ಗೆ ಹೊತ್ತು 130ರ ಆಸುಪಾಸು, ರಾತ್ರಿ 140 ದಾಟೋದು, ಭಾನುವಾರ ಮಾತ್ರ 126/82 ಹಿಂಗೆ. ಸೋಮವಾರ ಬೆಳಿಗ್ಗೆ ಕುಕ್ಕರ್ ಕೂಗೋ ಮುಂಚೆನೇ ಏರಿರೋದು. ಇದನ್ನ ನೋಡಿ ನಮ್ಮನೆಯವರು ‘ನಿಂಗೆ ಬಿಪಿ ಅಲ್ಲ ಕಣೇ, ಸೋಮವಾರ’ ಅಂದ್ರು. ತಮಾಷೆಗೆ ಅಂದಿದ್ದು, ಆದ್ರೆ ನಂಗೆ ತಲೇಲಿ ಕೂತ್ಬಿಡ್ತು, ಮಾರನೇ ದಿನ ಮಷೀನ್ ಬ್ಯಾಗಿಗೆ ಹಾಕ್ಕೊಂಡು ಬ್ರಾಂಚಿಗೆ ಹೋದೆ.

ಬ್ಯಾಂಕ್ ಕೆಲಸ ಅಂದ್ರೆ ಹೊರಗಡೆಯವರಿಗೆ ಎಸಿ, ಹತ್ತರಿಂದ ನಾಲ್ಕು, ಎರಡನೇ ನಾಲ್ಕನೇ ಶನಿವಾರ ರಜ. ಹೌದು, 2015ರಿಂದ ಆ ಎರಡು ಶನಿವಾರ ರಜ ಇದೆ, ವಾರಕ್ಕೆ ಐದು ದಿನ ಮಾಡಿ ಅಂತ ಯೂನಿಯನ್ನೋರು ಕೇಳ್ತಾನೇ ಇದಾರೆ. ಆದ್ರೆ ಕೌಂಟರ್ ಕ್ಲೋಸ್ ಆದ್ಮೇಲೆ ಶುರುವಾಗೋ ಕೆಲಸ ಯಾರಿಗೂ ಕಾಣಲ್ಲ. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ‘ಗೃಹಲಕ್ಷ್ಮಿ ದುಡ್ಡು ಬಂದೈತೇನ್ರಿ ನೋಡ್ರಿ’ ಅಂತ ಪಾಸ್‌ಬುಕ್ ಹಿಡ್ಕೊಂಡ ಹೆಣ್ಮಕ್ಕಳ ಸಾಲು, ಕೆವೈಸಿ ಆಗಿಲ್ಲ ಅಂತ ಅಕೌಂಟ್ ನಿಂತೋದ ಮುದುಕರು, ಸರ್ವರ್ ಡೌನ್, ಗೋಲ್ಡ್ ಲೋನ್ ಕ್ಯೂ, ಇವರನ್ನೆಲ್ಲ ಸಂಭಾಳಿಸೋದು ಕಷ್ಟ ಆದ್ರೂ ನಂಗೆ ಅದು ಟೆನ್ಷನ್ ಅನ್ಸಲ್ಲ, ಒಂದು ಕೆಲಸ ಆಯ್ತು ಅಂದ್ರೆ ‘ಪುಣ್ಯ ಬರ್ಲವ್ವ’ ಅಂತ ಹೇಳಿ ಹೋಗ್ತಾರೆ. ಟೆನ್ಷನ್ ಶುರುವಾಗೋದು ಸಂಜೆ ವಿಡಿಯೋ ಕಾಲ್‌ನಿಂದ. ಮೇಲಿನೋರು ಒಂದೊಂದೇ ಬ್ರಾಂಚ್ ಹೆಸರು ಕರೆದು ಇನ್ಶೂರೆನ್ಸ್ ಎಷ್ಟು, ಕ್ರೆಡಿಟ್ ಕಾರ್ಡ್ ಎಷ್ಟು, ಎನ್‌ಪಿಎ (ಕಟ್ಟದೇ ನಿಂತೋದ ಸಾಲ) ರಿಕವರಿ ಎಷ್ಟು ಅಂತ ಕೇಳ್ತಾರೆ, ನಿಮ್ಮ ಹೆಸರು ಬರೋವರೆಗೂ ಕಾಯ್ತಾ ಕೂರೋದೇ ದೊಡ್ಡ ಶಿಕ್ಷೆ, ಬಂದ್ಮೇಲೆ ಅರವತ್ತು ಜನರ ಮುಂದೆ ಬೈಸ್ಕೊಳ್ಳೋದು ಎರಡು ನಿಮಿಷ ಅಷ್ಟೇ.

ಅದಕ್ಕೆ ನಾನು ಮಾಡಿದ್ದು ಇಷ್ಟು. ಮಧ್ಯಾಹ್ನ ಊಟಕ್ಕೆ ಮುಂಚೆ ಒಂದ್ಸಲ, ವಿಡಿಯೋ ಕಾಲ್ ಶುರುವಾಗೋಕೆ ಹತ್ತು ನಿಮಿಷ ಇರುವಾಗ ಒಂದ್ಸಲ, ಮುಗಿದ ಅರ್ಧ ಗಂಟೆಗೆ ಒಂದ್ಸಲ. ಎಲ್ಲಾ ಸಲನೂ ನಿಯಮದ ಪ್ರಕಾರ, ಸ್ಟಾಫ್ ಊಟ ಮಾಡೋ ರೂಮಲ್ಲಿ ಬಾಗಿಲು ಹಾಕ್ಕೊಂಡು, ಐದು ನಿಮಿಷ ಕೂತು. ಕ್ಯೂ ತುಂಬಿ ತುಳುಕೋ ಮಧ್ಯಾಹ್ನ 134/86. ಕಾಲ್‌ಗೆ ಮುಂಚೆ, ಇನ್ನೂ ಯಾರೂ ಏನೂ ಅಂದಿಲ್ಲ, ಫ್ಯಾನ್ ಕೆಳಗೆ ಸುಮ್ನೆ ಕೂತಿದೀನಿ, 156/98. ಮುಗಿದ ಅರ್ಧ ಗಂಟೆ ಮೇಲೂ 148 ಇಂದ ಕೆಳಗೆ ಇಳಿಯಲ್ಲ. ಕಾಲ್ ಕ್ಯಾನ್ಸಲ್ ಅಂತ ಗ್ರೂಪಲ್ಲಿ ಮೆಸೇಜ್ ಬಂದ ಸಂಜೆ ಸುಮ್ನೆ ಕುತೂಹಲಕ್ಕೆ ನೋಡಿದೆ, 131. ಅವತ್ತು ಕೆಲಸ ಏನು ಕಮ್ಮಿ ಇರಲಿಲ್ಲ.

ಡಾಕ್ಟ್ರು ಆಮೇಲೆ ಹೇಳಿದ್ದು, ಹೆದರಿಕೆಗೂ ಸಿಟ್ಟಿಗೂ ಅಡ್ರಿನಲಿನ್ ಬಿಡುಗಡೆ ಆಗುತ್ತೆ, ಎದೆ ಜೋರಾಗಿ ಬಡ್ಕೊಳ್ಳುತ್ತೆ, ರಕ್ತನಾಳ ಬಿಗಿಯಾಗುತ್ತೆ, ಆ ಹೊತ್ತಿಗೆ ಬಿಪಿ ಏರಿ ಇಳಿಯೋದು ಎಲ್ಲರಿಗೂ ಆಗೋದೇ, ಅದು ರೋಗ ಅಲ್ಲ. ದಿನಾ ಏರಿ, ಇಳಿಯೋಕೆ ಮುಂಚೆ ಮತ್ತೆ ಏರಿ, ಅದರ ಜೊತೆ ನಿದ್ದೆ ಕಮ್ಮಿ, ಕೂತೇ ಇರೋದು, ಹೊತ್ತಲ್ಲದ ಹೊತ್ತಲ್ಲಿ ತಿನ್ನೋದು ಸೇರ್ಕೊಂಡ್ರೆ ಆಮೇಲೆ ಇಳಿಯೋದು ಮರ್ತೇ ಹೋಗುತ್ತಂತೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಒಂದು ಲೆಕ್ಕ ಕೊಟ್ಟಿದ್ರು: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯೋರಿಗೆ, 35ರಿಂದ 40 ಗಂಟೆ ದುಡಿಯೋರಿಗಿಂತ, ಪಾರ್ಶ್ವವಾಯು ಹೊಡೆಯೋ ಅಪಾಯ 35% ಜಾಸ್ತಿ, ಹೃದಯದ ಕಾಯಿಲೆಯಿಂದ ಸಾಯೋದು 17% ಜಾಸ್ತಿ. ನಮ್ಮಲ್ಲಿ 2023ರಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು, 2025ರಲ್ಲಿ ಎಲ್ ಅಂಡ್ ಟಿ ಛೇರ್ಮನ್ 90 ಗಂಟೆ ಅಂತ ಹೇಳಿ ಎಲ್ಲಾ ಕಡೆ ಚರ್ಚೆ ಆಯ್ತು, ಆ ಚರ್ಚೇಲಿ ದೇಶ ಅಭಿವೃದ್ಧಿ ಭಾನುವಾರ ಹೆಂಡ್ತಿ ಮುಖ ಎಲ್ಲಾ ಬಂತು, ಈ 35% ಮಾತ್ರ ನನ್ನ ಕಿವಿಗೆ ಅಷ್ಟಾಗಿ ಬೀಳಲಿಲ್ಲ.

ಮಷೀನ್ ಬ್ರಾಂಚಿಗೆ ಹೋದ್ಮೇಲೆ ಅದು ನಂದಾಗಿ ಉಳೀಲಿಲ್ಲ. ‘ಮೇಡಂ ನಮ್ದೂ ಒಂಚೂರು ನೋಡ್ರಿ’ ಅಂತ ಒಬ್ಬೊಬ್ರೇ ಬಂದ್ರು. ಮ್ಯಾನೇಜರ್ ಸಾಹೇಬ್ರದ್ದು ಎಲ್ರಿಗಿಂತ ಜಾಸ್ತಿ ಇರುತ್ತೆ ಅಂತ ನಾವೆಲ್ಲ ಕಾಯ್ತಾ ಇದ್ವಿ, ಅವರದ್ದು 128/80, ಅವರು ಮಾತ್ರೆ ತಗೋತಾ ಇದಾರೆ ಅನ್ನೋದು ಆವಾಗ ಗೊತ್ತಾಯ್ತು. ಜಾಸ್ತಿ ಬಂದಿದ್ದು ನಮ್ಮ ಅಟೆಂಡರ್‌ದು, ದಿನಗೂಲಿ ಲೆಕ್ಕದಲ್ಲಿ ಇರೋ ಹುಡುಗ, ಮೂವತ್ತೈದೂ ಆಗಿಲ್ಲ, ಸಣ್ಣಕ್ಕಿದಾನೆ, 168/104. ಮತ್ತೆ ಕೂರಿಸಿ ನೋಡಿದೆ, ಅಷ್ಟೇ. ‘ನಂಗೇನ್ ಟೆನ್ಷನ್ ಐತ್ರಿ ಮೇಡಂ, ಟೀ ತರೋದು ಫೈಲ್ ಕೊಡೋದು’ ಅಂದ. ಅವನ ಕೆಲಸ ಪರ್ಮನೆಂಟ್ ಆಗುತ್ತಾ ಇಲ್ವಾ ಅನ್ನೋದು ಎಷ್ಟೋ ವರ್ಷದಿಂದ ಹಂಗೇ ಇದೆ, ಯಾರು ಕರೆದ್ರೂ ಓಡಬೇಕು, ರಜ ಹಾಕಿದ್ರೆ ಕೂಲಿ ಕಟ್. ಇಂಗ್ಲೆಂಡಲ್ಲಿ 1967ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ ಇದೆ, ವೈಟ್‌ಹಾಲ್ ಅಂತ, ಅಲ್ಲಿನ ಸರ್ಕಾರಿ ನೌಕರರದ್ದೇ, ಮೈಕಲ್ ಮಾರ್ಮಟ್ ಅನ್ನೋ ಡಾಕ್ಟ್ರ ಹೆಸರಿಂದ ಪ್ರಸಿದ್ಧಿ. ಹೃದಯಾಘಾತ ಎಲ್ಲಾ ದೊಡ್ಡ ಸಾಹೇಬ್ರುಗಳ ಕಾಯಿಲೆ ಅನ್ನೋ ನಂಬಿಕೆ ಇತ್ತು ಆಗ, ಇವರು ನೋಡಿದ್ರೆ ಉಲ್ಟಾ, ಕೆಳಗಿನ ದರ್ಜೆಯವರು ಹೃದಯದ ಕಾಯಿಲೆಯಿಂದ ಸಾಯೋದು ಮೇಲಿನ ಅಧಿಕಾರಿಗಳಿಗಿಂತ ಮೂರು ಪಟ್ಟಿಗೂ ಜಾಸ್ತಿ. ಸಿಗರೇಟು, ಕೊಲೆಸ್ಟರಾಲ್, ಬಿಪಿ ಎಲ್ಲಾ ಲೆಕ್ಕ ಕಳೆದ್ರೂ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಂಗೇ ಉಳೀತು. 1985ರಲ್ಲಿ ಶುರು ಮಾಡಿದ ಎರಡನೇ ಅಧ್ಯಯನದಲ್ಲಿ ಹೆಂಗಸರನ್ನೂ ಸೇರಿಸಿ ನೋಡಿದಾಗ ಎದ್ದು ಕಂಡಿದ್ದು, ತನ್ನ ಕೆಲಸದ ಮೇಲೆ ತನಗೆ ಹಿಡಿತ ಇಲ್ಲದೋರಿಗೆ ಅಪಾಯ ಜಾಸ್ತಿ ಅಂತ. ನಮ್ಮ ಹುಡುಗನ್ನ ಚಿಗಟೇರಿ ಜಿಲ್ಲಾಸ್ಪತ್ರೆಗೆ ಕಳಿಸಿದ್ವಿ, ಸರ್ಕಾರಿ ಆಸ್ಪತ್ರೇಲಿ ಬಿಪಿ ಮಾತ್ರೆ ಪುಕ್ಕಟೆ ಕೊಡ್ತಾರೆ, ಗೊತ್ತಿಲ್ದೋರು ಬಹಳ ಜನ ಇದಾರೆ ಅದಕ್ಕೆ ಬರೆದೆ. ಅವತ್ತಿನ ಕೂಲಿ ಕಟ್ ಮಾಡಬೇಡಿ ಅಂತ ಸಾಹೇಬ್ರಿಗೆ ನಾನೇ ಹೇಳಬೇಕಾಯ್ತು.

ಈ ನಡುವೆ ನಮಗೆಲ್ಲ ಒಂದು ಆನ್‌ಲೈನ್ ವೆಲ್‌ನೆಸ್ ಸೆಷನ್ ಇಟ್ಟಿದ್ರು. ಶನಿವಾರ ಸಂಜೆ, ಡ್ಯೂಟಿ ಮುಗಿದ್ಮೇಲೆ, ಹಾಜರಿ ಕಡ್ಡಾಯ. ಬಂದಿದ್ದ ಸ್ಪೀಕರ್ ಒಂದು ಗಂಟೆ ಮಾತಾಡಿದ್ರು, ಆರೋಗ್ಯ ಅನ್ನೋದು ನಿಮ್ಮ ಪರ್ಸನಲ್ ಚಾಯ್ಸ್, ಲಿಫ್ಟ್ ಬದಲು ಮೆಟ್ಟಿಲು ಹತ್ತಿ (ನಮ್ಮದು ಗ್ರೌಂಡ್ ಫ್ಲೋರ್ ಬ್ರಾಂಚು), ಮೂಗಲ್ಲಿ ಉಸಿರು ತಗೊಳ್ಳಿ, ಪಾಸಿಟಿವ್ ಆಗಿ ಯೋಚನೆ ಮಾಡಿ. ಸೆಷನ್ ಮುಗಿದ ಹತ್ತೇ ನಿಮಿಷಕ್ಕೆ ಅದೇ ಗ್ರೂಪಲ್ಲಿ ‘ಪೆಂಡಿಂಗ್ ಇನ್ಶೂರೆನ್ಸ್ ಲಿಸ್ಟ್ ಇವತ್ತೇ ಕಳಿಸಿ’ ಅಂತ ಬಂತು.

ಪರ್ಸನಲ್ ಚಾಯ್ಸ್ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಇದೆ. ದಾವಣಗೆರೆಯಲ್ಲಿ ಇದ್ಕೊಂಡು ಸಂಜೆ ಮಂಡಕ್ಕಿ ಮಿರ್ಚಿ ತಿನ್ನಬೇಡಿ ಅಂತ ಯಾರು ಹೇಳಿದ್ರೂ ಅದು ಆಗೋ ಮಾತಲ್ಲ, ಆದ್ರೆ ದಿನಾ ತಿನ್ನೋದು ವಾರಕ್ಕೊಂದ್ಸಲ ಆಗಬಹುದು, ಆಗಿದೆ. ಬೆಣ್ಣೆ ದೋಸೆ ಮಾತು ಎತ್ತಬೇಡಿ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದ್ರೆ ಒಂದು ಟೀ ಚಮಚ, ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ನಮ್ಮನೇಲಿ ತಿಂಗಳಿಗೆ ಎಷ್ಟು ಪ್ಯಾಕೆಟ್ ಖಾಲಿ ಆಗುತ್ತೆ ಅಂತ ತಲೆಗೆ ಭಾಗ ಹಾಕಿ ನೋಡಿದ್ರೆ ಅದರ ಡಬಲ್ ಆಗ್ತಿತ್ತು, ಉಪ್ಪಿನಕಾಯಿ ಹಪ್ಪಳ ಚಟ್ನಿಪುಡಿ ಲೆಕ್ಕಕ್ಕೆ ಹಿಡಿದೇ ಇಲ್ಲ. ಅತ್ತೆಯವರು ಮಜ್ಜಿಗೆಗೆ ಉಪ್ಪು ಹಾಕೋದು ಬಿಟ್ರು, ಮಾವನೋರು ಎರಡು ದಿನ ಮಾತು ಬಿಟ್ರು. ಬೆಳಿಗ್ಗೆ ಕುಂದವಾಡ ಕೆರೆ ಕಡೆ ವಾಕಿಂಗ್ ಶುರು ಮಾಡಿದೀವಿ, ನಿಯಮಿತವಾಗಿ ನಡೆದ್ರೆ ಮೇಲಿನ ನಂಬರ್ ನಾಲ್ಕೈದು ಪಾಯಿಂಟ್ ಇಳಿಯುತ್ತೆ ಅಂತಾರೆ, ನಂಗೆ ಅಷ್ಟೇ ಇಳಿದಿದೆ. ಅದು ಸಣ್ಣದಲ್ಲ. ಆದ್ರೆ ವಿಡಿಯೋ ಕಾಲ್ ಏರಿಸೋದು ಇಪ್ಪತ್ತು ಪಾಯಿಂಟು. ಮಿರ್ಚಿ ನನ್ನ ಕೈಲಿದೆ, ಸಂಜೆ ಏಳೂವರೆಗೆ ಮನೆಗೆ ಹೋಗೋದು ನನ್ನ ಕೈಲಿಲ್ಲ, ಮನೆಗೆ ಎಂಟೂವರೆಗೆ ಹೋದೋಳು ಅಡುಗೆ ಮುಗಿಸಿ ಹನ್ನೊಂದಕ್ಕೆ ಮಲಗಿ ಐದಕ್ಕೆ ಏಳೋದನ್ನ ಚಾಯ್ಸ್ ಅಂತ ಕರೆಯೋಕೆ ಬರಲ್ಲ. ಮಷೀನ್‌ನಿಂದ ನಂಗಾದ ದೊಡ್ಡ ಉಪಕಾರ ಇದೇ, ಯಾವುದು ನನ್ನ ತಪ್ಪು ಯಾವುದು ಅಲ್ಲ ಅಂತ ಮನೇಲಿ ನಡೀತಿದ್ದ ವಾದಕ್ಕೆ ಒಂದು ಪುಸ್ತಕ ಸಿಕ್ತು, ತಾರೀಖು ಟೈಮು ನಂಬರ್ ಸಮೇತ.

ಪುಸ್ತಕ ತಗೊಂಡು ಡಾಕ್ಟ್ರ ಹತ್ರ ಹೋದೆ. ಅವರ ಹತ್ರ ನೋಡಿದ್ರೆ 132/84, ಚೆನ್ನಾಗೇ ಇದೆ. ಸಾಮಾನ್ಯವಾಗಿ ಡಾಕ್ಟ್ರ ಬಿಳಿ ಕೋಟು ನೋಡಿ ಹೆದರಿ ಅಲ್ಲಿ ಜಾಸ್ತಿ ಬರುತ್ತೆ, ಮನೇಲಿ ಕಮ್ಮಿ ಇರುತ್ತೆ. ನಂದು ಅದರ ಉಲ್ಟಾ, ಕ್ಲಿನಿಕ್ಕಲ್ಲಿ ನಾರ್ಮಲ್, ಹೊರಗೆ ಜಾಸ್ತಿ, ಇದಕ್ಕೆ ಮಾಸ್ಕ್ಡ್ ಹೈಪರ್‌ಟೆನ್ಷನ್ ಅಂತಾರಂತೆ, ಬಹಳ ಜನಕ್ಕೆ ಇರೋದೇ ಗೊತ್ತಾಗಲ್ಲ, ಅಪಾಯ ಮಾತ್ರ ಮಾಮೂಲಿ ಬಿಪಿಯಷ್ಟೇ ಹತ್ರ. ಆಫೀಸಲ್ಲಿ ನೋಡ್ಕೊಂಡಿದ್ದನ್ನೇ ನಂಬಿ ಮಾತ್ರೆ ಕೊಡೋಕೆ ಆಗಲ್ಲ ಅಂತ ಹೇಳಿ 24 ಗಂಟೆ ಮಷೀನ್ ಹಾಕಿಸಿದ್ರು, ಸೊಂಟಕ್ಕೆ ಕಟ್ಟಿರ್ತಾರೆ, ಅರ್ಧ ಗಂಟೆಗೊಂದ್ಸಲ ತಾನೇ ತೋಳು ಹಿಂಡುತ್ತೆ, ನಿದ್ದೇಲೂ ಬಿಡಲ್ಲ. ಅದನ್ನ ಕಟ್ಕೊಂಡೇ ಡ್ಯೂಟಿ ಮಾಡಿದೆ, ಬುರ್ರ್ ಅಂತ ಶಬ್ದ ಬಂದಾಗೆಲ್ಲ ಕೌಂಟರ್ ಮುಂದಿದ್ದ ಅಜ್ಜಿ ‘ಏನವ್ವ ಅದು, ಫೋನೇನ’ ಅಂತ ಕೇಳೋರು. ಹಗಲಿನ ಸರಾಸರಿ 144/91 ಬಂತು, ರಾತ್ರಿ 121/74. ರಾತ್ರಿ ಇಳೀತಿದೆ, ಅದೊಂದು ಒಳ್ಳೇದು, ಆದ್ರೂ ಮಾತ್ರೆ ಬೇಕು ಅಂದ್ರು. ‘ಒಂದ್ಸಲ ಶುರು ಮಾಡಿದ್ರೆ ಬಿಡೋ ಹಂಗಿಲ್ಲ’ ಅಂತ ನಮ್ಮ ಕಡೆ ಎಲ್ರೂ ಹೆದರಿಸ್ತಾರಲ್ಲ, ಅದನ್ನೇ ಕೇಳಿದೆ, ಡಾಕ್ಟ್ರು ‘ಕೆಲಸ ಬಿಡ್ತೀರಾ? ಇಲ್ಲ ಅಲ್ವಾ, ಮತ್ತೆ ಮಾತ್ರೆ ಯಾಕೆ ಬಿಡ್ತೀರಿ’ ಅಂದ್ರು. ಸ್ವಲ್ಪ ಸಿಟ್ಟೂ ಬಂತು ನಗುನೂ ಬಂತು.

ಈ ವರ್ಷ ನಂದು ಪ್ರಮೋಷನ್ ಸರದಿ ಇತ್ತು. ಬ್ಯಾಂಕಲ್ಲಿರೋರಿಗೆ ಗೊತ್ತಿರುತ್ತೆ, ಪ್ರಮೋಷನ್ ಅಂದ್ರೆ ಸಂಬಳ ಸ್ವಲ್ಪ ಏರುತ್ತೆ, ಟ್ರಾನ್ಸ್‌ಫರ್ ಗ್ಯಾರಂಟಿ, ಯಾವ ರಾಜ್ಯಕ್ಕೆ ಅಂತ ಗೊತ್ತಿಲ್ಲ, ಬ್ರಾಂಚ್ ಹೆಡ್ ಆದ್ರೆ ಆ ವಿಡಿಯೋ ಕಾಲ್‌ನಲ್ಲಿ ಹೆಸರು ಕರೆಯೋದು ನಿಮ್ಮದೇ. ಬೇಡ ಅಂತ ಬರೆದುಕೊಡೋರು ಎಲ್ಲಾ ಬ್ಯಾಂಕಲ್ಲೂ ಇದಾರೆ, ಹೆಂಗಸರು ಜಾಸ್ತಿ. ನಾನೂ ಬರೆದುಕೊಟ್ಟೆ. ಇದನ್ನ ನೋಡಿ ಯಾರಾದ್ರೂ ‘ನೋಡಿ, ನಿಮ್ಮ ಪರ್ಸನಲ್ ಚಾಯ್ಸ್ ಇತ್ತಲ್ಲ’ ಅನ್ನಬಹುದು. ಇತ್ತು, ಹೌದು. ಹದಿನೈದು ವರ್ಷ ದುಡಿದಿದ್ದಕ್ಕೆ ಬರೋ ಏಣಿ ಮೆಟ್ಟಿಲನ್ನ ಬಿಪಿ ಪುಸ್ತಕ ನೋಡಿ ಬಿಟ್ಟುಕೊಡೋದು ಚಾಯ್ಸ್ ಅಂದ್ರೆ ಚಾಯ್ಸೇ. ನಮ್ಮ ಅಟೆಂಡರ್ ಹುಡುಗನಿಗೆ ಅಷ್ಟೂ ಇಲ್ಲ. ಪ್ರಮೋಷನ್ ತಗೊಂಡು ಹೋದ ಗೆಳತಿಯರ ಬಗ್ಗೆ ನಂಗೇನೂ ಕೆಟ್ಟ ಮಾತಿಲ್ಲ, ಒಬ್ಬಳು ಒಡಿಶಾದಲ್ಲಿ ಖುಷಿಯಾಗೇ ಇದಾಳೆ, ಅವಳ ಬಿಪಿ ನನ್ನದಕ್ಕಿಂತ ಚೆನ್ನಾಗಿದೆ.

ಈಗ ಕಟ್ ಮಾಡಿದ ಒಂದು ಸ್ಟಾರ್. ಮೆಮೊರಿಲಿ ಇಬ್ಬರಿಗೆ ಜಾಗ ಇದೆ, ಆದ್ರೆ ಯೂಸರ್ ಬದಲಾಯಿಸೋದು ಮರೆತ್ರೆ ಮಾವನೋರ ನಂಬರ್ ನನ್ನ ಲೆಕ್ಕಕ್ಕೆ ಸೇರ್ಕೊಳ್ಳುತ್ತೆ, ಅದನ್ನೊಂದೇ ಅಳಿಸೋಕೆ ಆಗಲ್ಲ, ಅಳಿಸಿದ್ರೆ ಎಲ್ಲಾ ಅಳಿಸುತ್ತೆ. ಅದಕ್ಕೇ ಬರೆಯೋ ಪುಸ್ತಕನೇ ವಾಸಿ. ಮೊಬೈಲ್ ಆ್ಯಪ್ ಕೊಟ್ಟಿದಾರೆ, ಮೊದಲು ಲೊಕೇಶನ್ ಪರ್ಮಿಷನ್ ಕೇಳುತ್ತೆ, ಬಿಪಿಗೂ ನಾನಿರೋ ಜಾಗಕ್ಕೂ ಏನು ಸಂಬಂಧ ಅಂತ ತೆಗೆದುಹಾಕಿದೆ (ಸಂಬಂಧ ಇದೆ ಅಂತ ಮೇಲೆ ನಾನೇ ಇಷ್ಟುದ್ದ ಬರೆದಿದೀನಿ, ಆದ್ರೂ). ಸೆಲ್ ವೀಕ್ ಆದ್ರೆ ಪಟ್ಟಿ ಅರ್ಧಕ್ಕೆ ನಿಂತು ಎರರ್ ತೋರಿಸುತ್ತೆ. ಎದೆಬಡಿತ ಏರುಪೇರಾದ್ರೆ ಹೃದಯದ ಚಿತ್ರ ಮಿನುಗುತ್ತೆ, ಅಲುಗಾಡಿದ್ರೂ ಮಿನುಗುತ್ತೆ, ಒಂದ್ಸಲ ಬಂದ್ರೆ ಗಾಬರಿ ಬೇಡ, ಮತ್ತೆ ಮತ್ತೆ ಬಂದ್ರೆ ಇಸಿಜಿ ಮಾಡಿಸಿ, ಬಡಿತ ನಿಜವಾಗ್ಲೂ ಏರುಪೇರು ಇರೋರಿಗೆ ಈ ಥರ ಮಷೀನ್ ಲೆಕ್ಕ ಅಷ್ಟು ಸರಿ ಬರಲ್ಲ. ವರ್ಷಕ್ಕೊಂದ್ಸಲ ಡಾಕ್ಟ್ರ ಹತ್ರ ತಗೊಂಡು ಹೋಗಿ ಅವರ ಮಷೀನ್ ಜೊತೆ ಹೋಲಿಸಿ.

ಇನ್ನೊಂದು ತೊಂದರೆ ಮಷೀನ್‌ದಲ್ಲ, ನಮ್ಮದು. ಕೈಗೆ ಸಿಕ್ತು ಅಂತ ದಿನಕ್ಕೆ ಹತ್ತು ಸಲ ನೋಡೋರು ಇದಾರೆ, ಜಾಸ್ತಿ ಬಂತು ಅಂತ ಹೆದರಿ ಮತ್ತೆ ನೋಡೋದು, ಹೆದರಿದ್ದಕ್ಕೆ ಇನ್ನೂ ಜಾಸ್ತಿ ಬರೋದು. ಅಂಥ ಸ್ವಭಾವದವರು ಮನೇಲಿ ಇದ್ರೆ ಮಷೀನ್ ಬೇರೆಯವರ ಕೈಲಿ ಇರ್ಲಿ. ನಿದ್ದೆನೇ ಬರ್ತಿಲ್ಲ, ಸದಾ ಭಯ, ಕೆಲಸಕ್ಕೆ ಹೋಗೋಕೆ ಕಾಲೇ ಬರಲ್ಲ ಅನ್ನೋ ಥರ ಆಗಿದ್ರೆ ಬಿಪಿ ಮಷೀನ್ ಅದಕ್ಕೆ ಮದ್ದಲ್ಲ, ಟೆಲಿ ಮಾನಸ್ ಅಂತ ಸರ್ಕಾರದ ಫ್ರೀ ಫೋನ್ ಸೇವೆ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, 2022ರ ಅಕ್ಟೋಬರ್‌ನಿಂದ ಇದೆ, ನಮ್ಮ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಇನ್ನು ನಂಬರ್ 180/120 ದಾಟಿದ್ರೆ ಐದು ನಿಮಿಷ ಕೂತು ಇನ್ನೊಂದ್ಸಲ ನೋಡಿ, ಆಗಲೂ ಹಂಗೇ ಇದ್ರೆ ಅವತ್ತೇ ಡಾಕ್ಟ್ರ ಹತ್ರ ಹೋಗಿ. ಜೊತೆಗೆ ಎದೆ ನೋವು, ಉಸಿರಾಟದ ತೊಂದರೆ, ಮಾತು ತೊದಲೋದು, ಕೈಕಾಲು ಸೋಲೋದು ಇದ್ರೆ ಎರಡನೇ ಸಲ ನೋಡ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಯಾರು ತಗೋಬೇಕು: ಮನೇಲಿ ನಲವತ್ತು ದಾಟಿದೋರು ಇದ್ರೆ, ಅಪ್ಪ ಅಮ್ಮಂಗೆ ಬಿಪಿ ಇದ್ರೆ, ಅಥವಾ ವರ್ಷಕ್ಕೊಂದ್ಸಲ ಕಂಪನಿ ಚೆಕಪ್‌ನಲ್ಲಿ ನಾರ್ಮಲ್ ಬಂದಿದೆ ಅಂತ ಸಮಾಧಾನದಲ್ಲಿದ್ದು ಸಂಜೆ ಮಾತ್ರ ತಲೆ ಸಿಡಿಯೋ ಕೆಲಸ ಮಾಡ್ತಿದ್ರೆ. ಸಾಲ ಮಾಡಿ ತಗೊಳ್ಳೋದೇನೂ ಬೇಡ, ಹತ್ತಿರದ ಸರ್ಕಾರಿ ಆಸ್ಪತ್ರೇಲಿ ದುಡ್ಡಿಲ್ದೇ ನೋಡ್ತಾರೆ. ತಗೊಳ್ಳೋದಾದ್ರೆ ಆನ್‌ಲೈನಿಗಿಂತ ಊರಿನ ಮೆಡಿಕಲ್ ಅಂಗಡೀಲೇ ತಗೊಳ್ಳಿ, ನೂರು ಇನ್ನೂರು ಜಾಸ್ತಿ ಆದ್ರೂ ಪಟ್ಟಿ ಕಟ್ಟಿ ನೋಡಿ ತಗೋಬಹುದು, ಮನೆಯಿಂದ ಹೊಲಿಗೆ ಟೇಪಲ್ಲಿ ಎಲ್ಲರ ತೋಳು ಅಳೆದು ಚೀಟೀಲಿ ಬರ್ಕೊಂಡು ಹೋಗಿ, ಭುಜಕ್ಕೂ ಮೊಣಕೈಗೂ ನಡುವೆ ಅಳೀಬೇಕು. ಬಿಲ್ ಇಸ್ಕೊಳ್ಳಿ, ವಾರಂಟಿ ಕಾರ್ಡಿಗೆ ಅಂಗಡಿ ಸೀಲ್ ಹಾಕಿಸ್ಕೊಳ್ಳೋದು ಮರೀಬೇಡಿ, ಪಟ್ಟಿಗೆ ವಾರಂಟಿ ಬೇರೆ ಇರುತ್ತೆ, ಅದನ್ನೂ ಕೇಳಿ.